ಚಿತ್ರಕ್ಕೆ ತಕ್ಕ ಕಾಗದ

ಗೋಡೆಯಿದ್ದರಲ್ಲವೇ ಚಿತ್ರ ಎಂಬುದು ಹಳಬರ ಮಾತು. ಬಣ್ಣವು ತನ್ನಷ್ಟಕ್ಕೆ ತಾನೇ ನಿಲ್ಲತಕ್ಕ ವಸ್ತುವಲ್ಲ. ಅದಕ್ಕೊಂದು ಆಶ್ರಯ ಬೇಕು. ಗುಣವು ದ್ರವ್ಯವನ್ನು ಆಶ್ರಯಿಸಿಯೇ ಇರುತ್ತದೆಂಬುದನ್ನು ತರ್ಕವನ್ನು ಓದುವ ಹುಡುಗನು ಮೊದಮೊದಲ ಪಾಠಗಳಲ್ಲಿಯೇ ಕಲಿಯುತ್ತಾನೆ. ಇಷ್ಟು ಸರಳವಾದ ತತ್ತ್ವವನ್ನು ನಾವು ದಿನಬಳಕೆಯಲ್ಲಿ ಎಷ್ಟು ಬೇಗ ಮರೆಯುತ್ತೇವೆಂಬುದಕ್ಕೆ ಮನೆಯಲ್ಲಿ ಫೋಟೋ ಅಚ್ಚುಹಾಕುವ ಕಾಗದವೇ ಸಾಕ್ಷಿ. ಮಕ್ಕಳ ಪಾಠದ ಹಾಳೆಗಳಿಗೆಂದು ಬಂದ ಪ್ರಿಂಟರು ಈಗ ಅನೇಕ ಮನೆಗಳಲ್ಲಿದೆ. ಆ ಯಂತ್ರವನ್ನು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸಿದ ಗೃಹಸ್ಥನು ಕಾಗದವನ್ನು ಕೊಳ್ಳುವಾಗ ಅಂಗಡಿಯವನು ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾನೆ. ಚಿತ್ರ ಚೆನ್ನಾಗಿ ಬಾರದಿದ್ದರೆ ಯಂತ್ರವನ್ನು ಬೈಯುತ್ತಾನೆ.

ಚಿತ್ರಗಳೆಲ್ಲ ಮೊಬೈಲಿನಲ್ಲಿರುವಾಗ ಕಾಗದವೇತಕ್ಕೆ ಎಂದು ಕೇಳುವವರುಂಟು. ಮೊಬೈಲಿನಲ್ಲಿ ಸಾವಿರ ಚಿತ್ರಗಳಿರುವುದು ನಿಜ. ಆದರೆ ಅದು ನೀರಿಗೆ ಬಿದ್ದ ದಿನ ಸಾವಿರವೂ ಒಟ್ಟಿಗೆ ಹೋಗುವುದೂ ಅಷ್ಟೇ ನಿಜ. ಅದಿರಲಿ, ಕಾಗದದ ಮೇಲೆ ಬಂದ ಮಾತ್ರಕ್ಕೆ ಚಿತ್ರವು ಚಿರಂಜೀವಿಯಾಗುವುದೂ ಇಲ್ಲ. ನಮ್ಮ ಮನೆಯ ಪಟಗಳನ್ನೇ ನೋಡಬಹುದು. ನಮ್ಮ ತಂದೆತಾಯಿಗಳ ವಿವಾಹದ ಪಟ ೧೯೫೮ನೆಯ ಇಸವಿಯದು. ಬೆಳ್ಳಿಯ ಲವಣದಿಂದ ಮೂಡಿಸಿದ ಕಪ್ಪು ಬಿಳುಪಿನ ಚಿತ್ರ. ಅಂಚು ಹಳದಿಯಾಗಿದ್ದರೂ ಮುಖಗಳು ಸ್ಪಷ್ಟವಾಗಿವೆ. ನಮ್ಮ ಅಕ್ಕನ ಮದುವೆ ೧೯೭೯ರಲ್ಲಿ ಆಯಿತು. ಆಗ ತೆಗೆಸಿದ ಬಣ್ಣದ ಚಿತ್ರಗಳು ಪೆಟ್ಟಿಗೆಯ ಕತ್ತಲೆಯಲ್ಲಿಯೇ ಇದ್ದರೂ ನೀಲಿಯ ಅಂಶವೆಲ್ಲ ಕುಂದಿ, ಚಪ್ಪರದ ಮಾವಿನ ತೋರಣವೂ ಸೇರಿ ಸಕಲವೂ ಕೆಂಪಾಗಿವೆ. ಇನ್ನು ಬಂಧುಗಳೊಬ್ಬರ ಮನೆಯಲ್ಲಿ ಇತ್ತೀಚೆಗೆ ಪ್ರಿಂಟರಿನಲ್ಲಿ ತೆಗೆದು ಕಿಟಕಿಯೆದುರಿಗೆ ತೂಗುಹಾಕಿದ್ದ ಮಗುವಿನ ಪಟವು ಎರಡು ಬೇಸಗೆ ಕಳೆಯುವುದರೊಳಗೆ ಬಿಳಿಚಿಕೊಂಡಿತು. ಆದಕಾರಣ ಹೊಸತೆಲ್ಲ ಹಳತಿಗಿಂತ ಬಾಳುವುದೆಂದು ತಿಳಿಯಲಾಗದು. ಬಣ್ಣ ಯಾವುದು, ಕಾಗದ ಯಾವುದು, ಇಟ್ಟ ಸ್ಥಳ ಯಾವುದು ಎಂಬ ಮೂರರ ಮೇಲೆ ಚಿತ್ರದ ಆಯುಸ್ಸು ನಿಂತಿದೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಲೆಕ್ಕ ಬರೆಯುವ ಕಡತವನ್ನು ಬರಿಯ ಬಟ್ಟೆಯಿಂದ ಮಾಡುತ್ತಿರಲಿಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಆಮೇಲೆ ಬಳಪದಿಂದ ಬರೆಯುತ್ತಿದ್ದರು. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ಮಸಿಯನ್ನು ತುಂಬುತ್ತಿದ್ದರು. ಮಸಿಯೆಂದರೆ ಇದ್ದಲಿನ ಅಂಶ, ಬಿಸಿಲಿಗೆ ಬೆದರುವುದಿಲ್ಲ. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದುದು ಅಂಥ ಗರಿಗಳಿಂದಲೇ. ಗರಿಯೂ ಮಸಿಯೂ ಒಂದಕ್ಕೊಂದು ಹೊಂದಿದ್ದರಿಂದ ಗ್ರಂಥ ಉಳಿಯಿತು.

ಮೊದಲು ಮಸಿಯ ವಿಚಾರ. ಮನೆಯ ಯಂತ್ರಗಳಿಗೆ ಹಾಕುವ ಮಸಿಯಲ್ಲಿ ಎರಡು ಜಾತಿ. ಒಂದು ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಅಂಗಡಿಯಲ್ಲಿ ಡೈ ಎನ್ನುತ್ತಾರೆ. ಇನ್ನೊಂದು ಕರಗದೆ ಸೂಕ್ಷ್ಮವಾದ ಪುಡಿಯಾಗಿ ತೇಲುವ ಬಣ್ಣ, ಅದು ಪಿಗ್ಮೆಂಟ್. ಬಿಳಿಯ ಪಂಚೆಗೆ ಬಿದ್ದ ಅರಿಸಿನದ ಕಲೆಯನ್ನು ಒಗೆದು ಬಿಸಿಲಿಗೆ ಹರವಿದರೆ ಹೋಗುತ್ತದೆ. ಕಾಡಿಗೆಯ ಕಲೆ ಬಿಸಿಲಿಗೆ ಹೋಗುವುದಿಲ್ಲ. ಡೈ ಅರಿಸಿನದಂತೆ, ಪಿಗ್ಮೆಂಟ್ ಕಾಡಿಗೆಯಂತೆ ಎಂದು ಗೃಹಿಣಿಯರು ಭಾವಿಸಿದರೆ ಹೆಚ್ಚು ತಪ್ಪಾಗದು. ಆದರೆ ಹೊಳೆಯುವ ಕಾಗದದ ಮೇಲೆ ಡೈಯ ಬಣ್ಣಗಳ ಕಳೆ ಹೆಚ್ಚು. ನಾಲ್ಕು ಶೀಷೆಗಳ ಸಾಧಾರಣ ಯಂತ್ರಗಳಲ್ಲಿ ಬಣ್ಣಗಳು ಬಹುಮಟ್ಟಿಗೆ ಡೈ ಜಾತಿಯವು. ಕೆಲವು ಯಂತ್ರಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್. ತಮ್ಮ ಯಂತ್ರದಲ್ಲಿರುವುದು ಯಾವುದೆಂದು ಶೀಷೆಯ ಮೇಲೆ ಓದಿಕೊಂಡು ಅಂಗಡಿಗೆ ಹೋಗತಕ್ಕದ್ದು. ಏಕೆಂದರೆ ಅಗ್ಗದ ಹೊಳಪಿನ ಕಾಗದವು ಪಿಗ್ಮೆಂಟನ್ನು ಹೀರಿಕೊಳ್ಳದೆ, ಬೆರಳು ಸವರಿದರೆ ಬಣ್ಣ ಕೈಗೆ ಬರುವುದುಂಟು.

ಇನ್ನು ಕಾಗದ. ಅಂಗಡಿಯಾತನು ಮೊದಲು ಹೇಳುವುದು ತೂಕವನ್ನು. "ಮೇಷ್ಟ್ರೇ, ಇದು ೨೩೦ ಜಿ.ಎಸ್.ಎಂ.; ಇದಕ್ಕಿಂತ ಗಟ್ಟಿ ಮಾಲು ಬೇಕೆ?" ಎನ್ನುತ್ತಾನೆ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರು ಕಾಗದದ ತೂಕ, ಗ್ರಾಮುಗಳಲ್ಲಿ. ಬರೆಯುವ ಸಾಧಾರಣ ಕಾಗದ ೭೦ರಿಂದ ೮೦. ಫೋಟೋ ಕಾಗದ ೧೮೦ರಿಂದ ೨೭೦ರವರೆಗೆ ಧಾರಾಳವಾಗಿ ಸಿಕ್ಕುತ್ತದೆ. ಈ ಸಂಖ್ಯೆಯನ್ನು ಪರೀಕ್ಷಿಸುವ ಉಪಾಯವೂ ಸುಲಭ. ಎ-೪ ಅಳತೆಯ ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರು. ಆದುದರಿಂದ ಹದಿನಾರು ಹಾಳೆಯನ್ನು ಅಡಿಗೆಮನೆಯ ತಕ್ಕಡಿಯಲ್ಲಿಟ್ಟರೆ ಕಟ್ಟಿನ ಮೇಲೆ ಬರೆದ ಸಂಖ್ಯೆಯಷ್ಟೇ ಗ್ರಾಮು ತೂಗಬೇಕು. ಆದರೆ ತೂಕವೇ ಗುಣವಲ್ಲ. ದಪ್ಪನೆಯ ಪುಸ್ತಕವೆಲ್ಲ ಒಳ್ಳೆಯ ಪುಸ್ತಕವಲ್ಲವಷ್ಟೆ. ನೋಡಬೇಕಾದುದು ಮೇಲಿನ ಲೇಪವನ್ನು.

ಅಗ್ಗದ ಹೊಳಪಿನ ಹಾಳೆಯಲ್ಲಿ ಕಾಗದದ ಒಂದು ಮುಖಕ್ಕೆ ಲೇಪವನ್ನು ಬಳಿದು ನಯಗೊಳಿಸಿರುತ್ತಾರೆ. ಹಿಂಬದಿ ಬರಿಯ ಕಾಗದ. ಮಸಿಯ ತೇವ ಹೆಚ್ಚಾದರೆ ಇದು ಹಪ್ಪಳದಂತೆ ಅಲೆಯೇಳುತ್ತದೆ. ಆರ್.ಸಿ. ಎಂದು ಬರೆದಿರುವ ಹಾಳೆಯಲ್ಲಿ ಕಾಗದದ ಎರಡು ಮುಖಕ್ಕೂ ತೆಳುವಾದ ಪ್ಲಾಸ್ಟಿಕ್ ಪೊರೆಯಿದ್ದು, ಅದರ ಮೇಲೆ ಮಸಿಯನ್ನು ಹಿಡಿಯುವ ಲೇಪವಿರುತ್ತದೆ. ತೇವವು ಕಾಗದಕ್ಕೆ ಇಳಿಯದ ಕಾರಣ ಹಾಳೆ ಸಮವಾಗಿಯೇ ಉಳಿಯುತ್ತದೆ. ಸ್ಟುಡಿಯೋದವರ ಪಟದಂತೆ ಕೈಗೆ ಹತ್ತುವುದು ಇದೇ. ಮೂಲೆಯನ್ನು ಹರಿದು ನೋಡಿದರೆ ಪೊರೆ ಎಳೆಯಂತೆ ಕಾಣುವುದು; ಇಲ್ಲದಿದ್ದರೆ ಅದು ಆರ್.ಸಿ. ಅಲ್ಲ. ಬೆಲೆ ಹೆಚ್ಚು, ಆದರೆ ಗೋಡೆಗೆ ಏರುವ ಚಿತ್ರಕ್ಕೆ ಇದನ್ನೇ ಕೊಳ್ಳುವುದು ಒಳ್ಳೆಯದು.

ಹೊಳಪಿನ ವಿಷಯದಲ್ಲಿ ಅಭಿರುಚಿಯೊಡನೆ ವಿವೇಕವೂ ಬೇಕು. ಹೊಳೆಯುವ ಹಾಳೆಯಲ್ಲಿ ಕಪ್ಪು ಗಾಢವಾಗಿ, ರೇಷ್ಮೆಯ ಸೀರೆ ರೇಷ್ಮೆಯಂತೆಯೇ ಕಾಣುತ್ತದೆ. ಆದರೆ ಮಕ್ಕಳ ಬೆರಳ ಗುರುತೂ ಅಷ್ಟೇ ಚೆನ್ನಾಗಿ ಮೂಡುತ್ತದೆ. ಮ್ಯಾಟ್ ಎಂಬ ಹೊಳಪಿಲ್ಲದ ಹಾಳೆ ಗಾಜಿನ ಚೌಕಟ್ಟಿಗೂ ಹಳೆಯ ಕಪ್ಪು ಬಿಳುಪಿನ ಚಿತ್ರದ ಪ್ರತಿಗೂ ಒಪ್ಪುತ್ತದೆ, ಆರ್.ಸಿ.ಗಿಂತ ಸಾಮಾನ್ಯವಾಗಿ ಅಗ್ಗ. ಇವೆರಡರ ನಡುವೆ ಸಣ್ಣ ಹರಳುಹರಳಾದ ಮೇಲ್ಮೈಯುಳ್ಳ ಹಾಳೆಯಿದೆ. ಕೈಯಿಂದ ಕೈಗೆ ಓಡಾಡುವ ಚಿತ್ರಗಳಿಗೆ ಅದು ಯೋಗ್ಯ.

ಲೆಕ್ಕದ ಮಾತೂ ಒಂದಿದೆ. ದೊಡ್ಡ ಹಾಳೆಯನ್ನು ತಂದು ಕತ್ತರಿಸಿಕೊಂಡರೆ ಉಳಿತಾಯವೆಂದು ಹಲವರ ಎಣಿಕೆ. ಎ-೪ ಹಾಳೆಯ ಉದ್ದ ೨೯೭ ಮಿಲಿಮೀಟರು, ಅಗಲ ೨೧೦. ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಚಿತ್ರಗಳು ಇದರಲ್ಲಿ ನಾಲ್ಕು ಹಿಡಿಯುವುದಿಲ್ಲ, ಮೂರೇ. ಎರಡು ಸಾಲಿಗೆ ಹನ್ನೆರಡು ಅಂಗುಲ ಬೇಕು, ಇರುವುದು ಹನ್ನೆರಡಕ್ಕೆ ಸ್ವಲ್ಪ ಕಡಿಮೆ. ಮೂರೂವರೆ ಅಂಗುಲಕ್ಕೆ ಐದು ಅಂಗುಲದ ಚಿತ್ರಗಳಾದರೆ ನಾಲ್ಕು ಬರುತ್ತವೆ. ಆದ್ದರಿಂದ ದೊಡ್ಡ ಹಾಳೆಯ ಬೆಲೆಯನ್ನು ಮೂರರಿಂದ ಭಾಗಿಸಿ, ಸಣ್ಣ ಹಾಳೆಯ ಬೆಲೆಯೊಡನೆ ಹೋಲಿಸಿ ಕೊಳ್ಳಬೇಕು. ಅರ್ಜಿಗಳಿಗೆ ಬೇಕಾಗುವ ೩೫ ಮಿಲಿಮೀಟರು ಅಗಲ, ೪೫ ಮಿಲಿಮೀಟರು ಉದ್ದದ ಮುಖಚಿತ್ರಗಳು ನಾಲ್ಕು-ಆರು ಅಂಗುಲದ ಒಂದೇ ಹಾಳೆಯಲ್ಲಿ ಎಂಟು ಹಿಡಿಯುತ್ತವೆ. ಇದು ನಿಜವಾದ ಉಳಿತಾಯ.

ಒಳ್ಳೆಯ ಕಾಗದವನ್ನು ತಂದ ಮೇಲೂ ಜಾಗರೂಕತೆ ಬೇಕು. ಯಂತ್ರಕ್ಕೆ ಇಂಥ ಕಾಗದವೆಂದು ತಿಳಿಸುವ ಒಂದು ಆಯ್ಕೆ ಗಣಕದ ತೆರೆಯ ಮೇಲಿರುತ್ತದೆ. ಅಲ್ಲಿ ಸಾದಾ ಕಾಗದವೆಂದೇ ಬಿಟ್ಟರೆ ಎಷ್ಟು ಬೆಲೆಯ ಹಾಳೆಯಾದರೂ ಚಿತ್ರ ಮಂಕಾಗುತ್ತದೆ. ಮ್ಯಾಟ್ ಹಾಳೆಯಲ್ಲಿ ಲೇಪದ ಮುಖ ಯಾವುದೆಂದು ತಿಳಿಯದಿದ್ದರೆ ಒದ್ದೆಬೆರಳನ್ನು ಮೂಲೆಗೆ ಮುಟ್ಟಿಸಬೇಕು, ಅಂಟುವುದೇ ಮುಂಬದಿ. ದಪ್ಪ ಹಾಳೆಯನ್ನು ಎಷ್ಟು ಜಿ.ಎಸ್.ಎಂ.ವರೆಗೆ ಯಂತ್ರ ನುಂಗಬಲ್ಲದೆಂದು ಅದರ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು. ಮನೆಯಲ್ಲಿರುವುದು ಶಾಖದಿಂದ ಪುಡಿಯನ್ನು ಅಂಟಿಸುವ ಲೇಸರ್ ಯಂತ್ರವಾದರೆ ಮಸಿಯಂತ್ರದ ಫೋಟೋ ಕಾಗದವನ್ನು ಅದಕ್ಕೆ ಸರ್ವಥಾ ಹಾಕಬಾರದು. ಲೇಪವು ಕರಗಿ ಯಂತ್ರವೇ ಕೆಟ್ಟೀತು. ಇನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದ ಚಿತ್ರದ ಗಾತ್ರ ಸಾಧಾರಣವಾಗಿ ಕುಗ್ಗಿರುತ್ತದೆ. ಅದನ್ನೇ ದಾಖಲೆಯ ರೂಪದಲ್ಲಿ ಕಳುಹಿಸಲು ಹೇಳಬೇಕು. ನಾಲ್ಕು-ಆರು ಅಂಗುಲದ ಚಿತ್ರಕ್ಕೆ ೧೨೦೦ಕ್ಕೆ ೧೮೦೦ ಬಿಂದುಗಳಿದ್ದರೆ ಸಾಕು. ಅದಕ್ಕಿಂತ ತೀರ ಕಡಿಮೆಯಾದರೆ ಕಾಗದವೇನು ಮಾಡೀತು?

ಇಷ್ಟೆಲ್ಲ ವಿಚಾರಕ್ಕೆ ನಾವು ಇಳಿದುದು ನಮ್ಮ ತಾಯಿಯವರ ಒಂದು ಪಟದ ದೆಸೆಯಿಂದ. ಅವರೊಬ್ಬರೇ ಕುಳಿತು ತೆಗೆಸಿಕೊಂಡ ಚಿತ್ರ ಅದೊಂದೇ. ಒಡಹುಟ್ಟಿದವರು ನಾವು ಐವರು. ಶ್ರಾದ್ಧದ ದಿನ ಐದು ಮನೆಗಳಿಗೂ ಅದು ಬೇಕು. ಮೂರೂವರೆ-ಐದು ಅಂಗುಲದ ಆ ಮೂಲವನ್ನು ಅಂಗುಲಕ್ಕೆ ೬೦೦ ಬಿಂದುಗಳಂತೆ ಸ್ಕ್ಯಾನು ಮಾಡಿಸಿದೆವು. ಇಮ್ಮಡಿ ಅಳತೆಗೆ ಹಿಗ್ಗಿಸಿದರೂ ಅಂಗುಲಕ್ಕೆ ೩೦೦ ಉಳಿಯುತ್ತದೆ. ಪಿಂಚಣಿಯ ಹಣದಲ್ಲಿ ನೂರು ಹಾಳೆಯ ಕಟ್ಟನ್ನು ಕೊಳ್ಳುವುದು ದುಂದೆಂದು ತೋರಿ, ಸಣ್ಣ ಕಟ್ಟೊಂದನ್ನು ತಂದು ಒಂದು ಹಾಳೆಯಲ್ಲಿ ಪರೀಕ್ಷೆ ಮಾಡಿ, ತೃಪ್ತಿಯಾದ ಮೇಲೆ ಐದು ಪ್ರತಿ ತೆಗೆದೆವು. ಮೊಮ್ಮಗನ ಹುಟ್ಟುಹಬ್ಬದ ಇನ್ನೂರು ಚಿತ್ರಗಳನ್ನೂ ಹೀಗೆಯೇ ತೆಗೆಯೋಣವೆಂದು ಹುಡುಗರು ಹೊರಟಾಗ ನಮ್ಮ ಮನೆಯಾಕೆ, "ಇನ್ನೂರನ್ನು ಯಾರು ನೋಡುತ್ತಾರೆ? ಆರಿಸಿ ಆರು ತೆಗೆಯಿರಿ" ಎಂದಳು. ಮಿತವ್ಯಯದ ಸೂತ್ರವೆಲ್ಲ ಆ ಮಾತಿನಲ್ಲಿದೆ ಎಂದು ನಮ್ಮ ಅಭಿಪ್ರಾಯ. ಅಗ್ಗದ ಕಾಗದದಲ್ಲಿ ಇನ್ನೂರು ತೆಗೆಯುವುದಕ್ಕಿಂತ ಒಳ್ಳೆಯ ಕಾಗದದಲ್ಲಿ ಆರು ತೆಗೆಯುವುದು ಮಸಿಯ ದೃಷ್ಟಿಯಿಂದಲೂ ಲಾಭ.

ಚಿತ್ರಗಳನ್ನು ಮೂರು ವರ್ಗಮಾಡಿಕೊಂಡರೆ ಆಯ್ಕೆ ಸುಲಭ. ಉತ್ತಮವೆಂಬವು ಗೋಡೆಗೂ ಮುಂದಿನ ಪೀಳಿಗೆಗೂ ಸಲ್ಲತಕ್ಕವು, ಇವಕ್ಕೆ ಆರ್.ಸಿ. ಅಥವಾ ಒಳ್ಳೆಯ ಮ್ಯಾಟ್, ಜೊತೆಗೆ ಯಂತ್ರ ತಯಾರಿಸಿದವರದೇ ಮಸಿ. ಮಧ್ಯಮವೆಂಬವು ಆಲ್ಬಮ್ಮಿಗೆ ಹೋಗುವವು. ಇವಕ್ಕೆ ೧೮೦ರ ಆಸುಪಾಸಿನ ಹೊಳಪಿನ ಹಾಳೆ ಸಾಕು. ಶಾಲೆಯ ಚಾರ್ಟು, ಹಬ್ಬದ ಅಲಂಕಾರ ಮುಂತಾದ ನಾಲ್ಕು ದಿನದ ಕೆಲಸಗಳಿಗೆ ಸಾದಾ ಕಾಗದವೇ ಆದೀತು. ಮದುವೆ ಮುಂಜಿಗಳ ನೂರಾರು ಚಿತ್ರಗಳಾದರೆ ಮೊದಲು ಊರಿನ ಕಲರ್ ಲ್ಯಾಬಿನಲ್ಲಿ ಬೆಲೆ ವಿಚಾರಿಸಬೇಕು. ಮನೆಯ ಮಸಿ, ಕಾಗದ, ಕೆಟ್ಟುಹೋಗುವ ಹಾಳೆ ಎಲ್ಲವನ್ನೂ ಕೂಡಿದರೆ ಅಲ್ಲಿಯೇ ಅಗ್ಗವಾಗುವುದುಂಟು.

ಅಚ್ಚಾದ ಚಿತ್ರವು ಕೈಗೆ ಒಣಗಿದಂತೆ ತೋರಿದರೂ ಒಂದು ದಿನ ಹಾಗೆಯೇ ಬಿಟ್ಟು ಆಮೇಲೆ ಚೌಕಟ್ಟಿಗೆ ಸೇರಿಸಬೇಕು. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚಿರಲಿ. ಗಾಳಿಯೂ ಡೈಯ ಬಣ್ಣವನ್ನು ತಿನ್ನುವುದರಿಂದ ಬಯಲಾಗಿ ಅಂಟಿಸಿದ ಚಿತ್ರಕ್ಕಿಂತ ಗಾಜಿನೊಳಗಿನದು ಹೆಚ್ಚು ಕಾಲ ಬಾಳುತ್ತದೆ. ನೇರವಾದ ಬಿಸಿಲು ಬೀಳುವ ಗೋಡೆ ಬೇಡ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ತೇವ ತಾಗದಂತೆ ಉಳಿದ ಹಾಳೆಗಳನ್ನು ಅವು ಬಂದ ಚೀಲದಲ್ಲಿಯೇ ಬಾಯಿ ಮುಚ್ಚಿ, ಮಟ್ಟಸವಾಗಿ ಮಲಗಿಸಿಡಬೇಕು. ಪುಟಕ್ಕೆ ಅಂಟುಬಳಿದು ಮೇಲೆ ಪೊರೆ ಹಾಸಿದ ಆಲ್ಬಮ್ಮುಗಳು ಚಿತ್ರಕ್ಕೆ ಹಿತವಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಇದಕ್ಕೆ ಕಾಸೂ ಖರ್ಚಿಲ್ಲ. ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಚೆನ್ನಾಗಿ ಉಳಿದಿರುವ ಪಟವೊಂದಿದೆ. ಜರಿಯ ರುಮಾಲಿನ ವೃದ್ಧರೊಬ್ಬರು ಕುಳಿತಿದ್ದಾರೆ. ಬೆಳ್ಳಿ ಮಾಸಿಲ್ಲ, ಕಾಗದ ಮುಕ್ಕಾಗಿಲ್ಲ. ಅವರು ಯಾರೆಂದು ಹೇಳಬಲ್ಲವರು ಮಾತ್ರ ಈಗ ಯಾರೂ ಇಲ್ಲ. ಆದುದರಿಂದ ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆಯತಕ್ಕದ್ದು. ಬರಿಯ ಕಾಗದದ ಹಿಂಬದಿಯಾದರೆ ಮೆತ್ತನೆಯ ಪೆನ್ಸಿಲು ಸಾಕು, ಆರ್.ಸಿ. ಹಾಳೆಯ ಮೇಲೆ ಪೆನ್ಸಿಲು ಹತ್ತುವುದು ಕಷ್ಟ, ಪೆನ್ನಿನ ಮಸಿ ಪಕ್ಕದ ಚಿತ್ರಕ್ಕೆ ಅಂಟೀತು. ಆದಕಾರಣ ಚೌಕಟ್ಟಿನ ಬೆನ್ನಿನ ರಟ್ಟಿನ ಮೇಲೆ ಬರೆದರೆ ಆಯಿತು. ಒಳ್ಳೆಯ ಕಾಗದವು ಮುಖವನ್ನು ಉಳಿಸಿಕೊಡುತ್ತದೆ. ಆ ಮುಖ ಯಾರದೆಂಬುದನ್ನು ನಾವೇ ಬರೆದಿಡಬೇಕು.