ಏಳು ದಿನದ ಯಾದಿ

ಪ್ರವಾಸ ಮಾಡುವುದು ಸುಲಭ, ಪ್ರವಾಸಕ್ಕೆ ಹೊರಡುವುದು ಕಷ್ಟ ಎಂದರೆ ನಮ್ಮ ಮನೆಯ ಗಂಡಸರು ನಗುತ್ತಾರೆ. ಅವರು ಹೊರಡುವುದೆಂದರೆ ಇಸ್ತ್ರಿ ಮಾಡಿದ ಎರಡು ಅಂಗಿ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿಕೊಳ್ಳುವುದು. ಹೆಂಗಸು ಒಂದು ವಾರ ಮನೆ ಬಿಡಬೇಕಾದರೆ ಮೊದಲು ಆ ವಾರವನ್ನೇ ಎಲ್ಲಿಂದಾದರೂ ಹುಡುಕಿ ತರಬೇಕು. ಕ್ಯಾಲೆಂಡರಿನಲ್ಲಿ ಅದು ಸಿಗುವುದಿಲ್ಲ. ದಸರೆ ಮುಗಿದರೆ ದೀಪಾವಳಿ, ಅದರ ಹಿಂದೆಯೇ ಮದುವೆಗಳು, ಮದುವೆಗಳ ನಡುವೆ ಕಬ್ಬು ಕಡಿಯುವ ಗ್ಯಾಂಗು, ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ, ಅಷ್ಟರಲ್ಲಿ ಮೊಮ್ಮಕ್ಕಳ ಪರೀಕ್ಷೆ.

ನಾವು ಮೂವರು ಅಕ್ಕತಂಗಿಯರು. ಅಕ್ಕನನ್ನು ಮೂಡಲಗಿಗೆ, ನನ್ನನ್ನು ಗೋಕಾಕಕ್ಕೆ, ತಂಗಿಯನ್ನು ಹುಕ್ಕೇರಿಗೆ ಕೊಟ್ಟರು. ಬೆಳಗಾವಿ ಜಿಲ್ಲೆಯ ಒಂದೇ ಮಗ್ಗುಲಿನ ಊರುಗಳು. ಮುಂಜಾನೆ ಹೊರಟರೆ ಮೂರೂ ಮನೆಯಲ್ಲಿ ಚಹಾ ಕುಡಿದು ಕತ್ತಲಾಗುವುದರೊಳಗೆ ಮನೆ ಸೇರಬಹುದು. ಆದರೂ ಮೂವರೂ ಒಂದೇ ಮಾಡಿನ ಕೆಳಗೆ ಮಲಗಿದ್ದು ಯಾವಾಗ ಎಂದು ಲೆಕ್ಕ ಹಾಕಿದರೆ ಎರಡು ಮದುವೆ, ಒಂದು ಬಾಣಂತನ, ನಮ್ಮವ್ವನ ದಿನಕರ್ಮ. ಅಷ್ಟೇ.

ಪ್ರವಾಸದ ಮಾತು ಎತ್ತಿದವಳು ತಂಗಿಯ ಮಗಳು. ಜರ್ಮನಿಯಲ್ಲಿ ನೌಕರಿಯಲ್ಲಿರುವ ಅವಳು ಗಂಡನೊಡನೆ ಕ್ರೊಯೇಷಿಯಾ ದೇಶದ ಕರಾವಳಿಗುಂಟ ಒಂದು ವಾರ ಕಾರಿನಲ್ಲಿ ತಿರುಗುವ ತಯಾರಿ ನಡೆಸಿದ್ದಳು. ಮೆಡಿಟರೇನಿಯನ್ ಸಮುದ್ರದ ಒಂದು ತೋಳಿಗೆ ಆಡ್ರಿಯಾಟಿಕ್ ಎನ್ನುತ್ತಾರೆ, ಅದರ ದಂಡೆಯ ಮೇಲಿನ ದೇಶ ಇದು. ಚಿಕ್ಕವು ದೊಡ್ಡವು ಸೇರಿ ಸಾವಿರಕ್ಕೂ ಹೆಚ್ಚು ನಡುಗಡ್ಡೆಗಳಿವೆ. ಮೊದಲು ದಕ್ಷಿಣದ ತುದಿಯ ದುಬ್ರೋವ್ನಿಕ್ ಪಟ್ಟಣಕ್ಕೆ ರಸ್ತೆಯಲ್ಲಿ ಹೋಗುವವರು ನಡುವೆ ಬೋಸ್ನಿಯಾ ದೇಶದ ಒಂದು ತುಂಡನ್ನು ದಾಟಬೇಕಿತ್ತು. ೨೦೨೨ರಲ್ಲಿ ಸಮುದ್ರದ ಮೇಲೆ ದೊಡ್ಡ ಸೇತುವೆಯಾಗಿ ಆ ತಾಪತ್ರಯ ತಪ್ಪಿತು. ೨೦೨೩ರ ಜನವರಿ ೧ರಿಂದ ಅಲ್ಲಿ ಯೂರೋ ಹಣವೂ ಬಂತು. ಇದನ್ನೆಲ್ಲ ಹುಡುಗಿ ವಿಡಿಯೋ ಕಾಲಿನಲ್ಲಿ ಪಟಪಟನೆ ಹೇಳಿದಳು. ಏಳು ದಿನ, ಏಳು ಊರು, ಯಾವ ಊರಿನಲ್ಲಿ ಯಾವ ಖೋಲಿ, ಎಲ್ಲವನ್ನೂ ಒಂದೇ ಸಂಜೆಯಲ್ಲಿ ಬರೆದು ಮುಗಿಸಿದ್ದಳು.

"ನಮಗೂ ಒಂದು ಸಮುದ್ರ ಐತಲ್ಲ," ಎಂದಳು ತಂಗಿ.

ಹುಡುಗಿಗೆ ಒಂದು ಸಂಜೆ ಸಾಕಾಯಿತು. ನಮಗೆ ನಾಲ್ಕು ತಿಂಗಳು ಹಿಡಿಯಿತು.

ತಂಗಿ ನಿವೃತ್ತ ಶಿಕ್ಷಕಿ, ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿತವಳು. ಅವಳ ಸಣ್ಣ ಕಾರಿನಲ್ಲಿ ಮೂವರೇ ಹೋಗುವುದು ಎಂದಾಗ ಮೂರೂ ಮನೆಯಲ್ಲಿ ಮೂರು ತರದ ಮಾತು ಬಂದವು. "ಘಾಟಿನ್ಯಾಗ ಹೆಂಗ ಹೊಡಿತಾಳ?" ಎಂದರು ನಮ್ಮವರು. ತಂಗಿಯ ಯಜಮಾನರು, "೨೦೨೩ರಿಂದ ಹೆಣ್ಣಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ ಐತಿ, ಪೆಟ್ರೋಲಿಗೆ ಯಾಕ ರೊಕ್ಕ ಹಾಕತೀರಿ?" ಎಂದರು. ಮಾತು ಸುಳ್ಳಲ್ಲ. ಆ ಜೂನ್ ತಿಂಗಳ ನಂತರ ನಮ್ಮ ಓಣಿಯ ಎಷ್ಟೋ ಹೆಂಗಸರು ಧರ್ಮಸ್ಥಳ ಕಂಡು ಬಂದರು. ಆದರೆ ಅಕ್ಕನ ಮೊಳಕಾಲಿಗೆ ಬಸ್ಸಿನ ಮೆಟ್ಟಿಲು ಏರುವುದಾಗುವುದಿಲ್ಲ, ಬಸ್ಸು ನಮಗೆ ಬೇಕಾದಲ್ಲಿ ನಿಲ್ಲುವುದೂ ಇಲ್ಲ. ಬೇಕಾದಲ್ಲಿ ನಿಲ್ಲುವುದು ಎಷ್ಟು ದೊಡ್ಡ ಮಾತು ಎಂಬುದು ಹೆಂಗಸರಿಗೇ ಗೊತ್ತು. ನಮ್ಮ ಯಾದಿಯಲ್ಲಿ ಗುಡಿಗಳಿಗಿಂತ ಮೊದಲು ಬರೆದದ್ದು ಎರಡೆರಡು ತಾಸಿಗೆ ಒಂದರಂತೆ ಸಂಡಾಸ ಸ್ವಚ್ಛವಿರುವ ಪೆಟ್ರೋಲ್ ಬಂಕು ಮತ್ತು ಖಾನಾವಳಿಗಳ ಹೆಸರನ್ನು. ಖೋಲಿ ಕೇಳುವಾಗಲೂ ಮೊದಲ ಪ್ರಶ್ನೆ, ಕುರ್ಚಿಯಂತೆ ಕೂಡುವ ಸಂಡಾಸ ಇದೆಯೋ ಎಂಬುದು. ಸಮುದ್ರ ಕಾಣುವ ಕಿಟಕಿಯ ಮಾತು ಆಮೇಲೆ.

ತಿಂಗಳು ಯಾವುದು ಎಂಬುದಕ್ಕೆ ಹೆಚ್ಚು ಚರ್ಚೆಯಾಗಲಿಲ್ಲ. ಹುಡುಗಿಯ ಸಮುದ್ರಕ್ಕೆ ಬೇಸಿಗೆಯೆಂದರೆ ಒಣ ಹವೆ, ಮಳೆಯೆಲ್ಲ ಚಳಿಗಾಲದಲ್ಲಿ. ನಮ್ಮದು ತಿರುವುಮುರುವು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು, ಚಹಾ ಕುಡಿಯಲು ನಿಂತವರು ಕೂಡ ಮಣ್ಣಿನಡಿ ಹೋದರು. ಮೂರು ವಾರಕ್ಕೆ, ಆಗಸ್ಟ್ ೭ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಮಳೆಗಾಲದಲ್ಲಿ ಆ ದಾರಿ ಬೇಡವೇ ಬೇಡ. ಸಂಕ್ರಮಣ ಮುಗಿದ ಮರುವಾರ ಎಂದು ನಿಶ್ಚಯವಾಯಿತು.

ಇನ್ನು ಉಳಿದದ್ದು ಏನೇನು ನೋಡುವುದು ಎಂಬುದು. ತಂಗಿ ಒಂದು ಇನ್ನೂರು ಪುಟದ ನೋಟುಬುಕ್ಕು ತಂದು ಶಾಲೆಯಲ್ಲಿ ಕೇಳುವ ಹಾಗೆಯೇ ಒಬ್ಬೊಬ್ಬರನ್ನು ಕೇಳಿದಳು. "ನಿನಗೇನು ನೋಡಬೇಕು?"

ಸರಳ ಪ್ರಶ್ನೆ. ಆದರೆ ನಾವು ಕೊಟ್ಟ ಉತ್ತರಗಳನ್ನು ಈಗ ಓದಿದರೆ ನಗು ಬರುತ್ತದೆ. ನಾನು ಹೇಳಿದ್ದು, ಮಗನಿಗೆ ಕನ್ಯಾ ಕೂಡಿ ಬರಲೆಂದು ಬೇಡಿಕೊಂಡಿದ್ದ ಸುಬ್ರಹ್ಮಣ್ಯ. ನಮ್ಮವರು ಅಡ್ಡ ಬಾಯಿ ಹಾಕಿ ಧರ್ಮಸ್ಥಳ ಸೇರಿಸಿದರು. ತಂಗಿಯ ಬೀಗತಿಯ ಹರಕೆ ಕೊಲ್ಲೂರಿಗೆ. ಮೊಮ್ಮಗನಿಗೆ ಮುರ್ಡೇಶ್ವರದ ೧೨೩ ಅಡಿ ಶಿವನ ಮುಂದೆ ತೆಗೆದ ಫೋಟೋ ಬೇಕು. ಸೊಸೆಗೆ ಮಂಗಳೂರಿನ ಗೋಡಂಬಿ. ಹೀಗೆ ಗೋಕರ್ಣದಿಂದ ಸುಬ್ರಹ್ಮಣ್ಯದ ತನಕ ಪುಟ ತುಂಬಿತು, ಏಳು ದಿನದಲ್ಲಿ ಹದಿನಾರು ಊರು. ಅದರಲ್ಲಿ ಒಂದೂ ನಮ್ಮದಲ್ಲ.

ಅಕ್ಕ ಏನೂ ಹೇಳಲಿಲ್ಲ. "ನೀವು ಎಲ್ಲಿ ಅಂತೀರಿ ಅಲ್ಲೇ," ಎಂದಳು. ಸ್ವಲ್ಪ ಹೊತ್ತಿಗೆ, "ನಾ ಬರೂದು ಹೆಂಗವಾ? ಅವರಿಗೆ ನೀರು ಯಾರು ಕೊಡತಾರ?" ಎಂದಳು.

ಭಾವನವರಿಗೆ ಲಕ್ವಾ ಹೊಡೆದು ಆರು ವರ್ಷವಾಯಿತು. ಬಲಗೈ ಬಲಗಾಲು ಸ್ವಾಧೀನವಿಲ್ಲ. ಏಳಿಸುವುದು, ಮೈ ತೊಳೆಯುವುದು, ಗುಳಿಗೆ, ಊಟ, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುವುದು, ಎಲ್ಲ ಅಕ್ಕನದೇ. ಮಗ ಸೊಸೆ ಕೆಟ್ಟವರಲ್ಲ. ಅವ್ವ ಮಾಡುತ್ತಾಳಲ್ಲ ಎಂಬ ರೂಢಿ, ಅಷ್ಟೇ. ರೂಢಿ ಎಂಬುದು ಕಾಲುವೆಯ ನೀರಿನ ಹಾಗೆ, ತಿರುಗಿಸುವವರು ಬಂದು ಮಣ್ಣು ಹಾಕುವ ತನಕ ಒಂದೇ ಕಡೆಗೆ ಹರಿಯುತ್ತದೆ.

ಮಣ್ಣು ಹಾಕಿದವಳು ಅಕ್ಕನ ಸೊಸೆ. "ಅತ್ತಿ, ನೀವು ಬರೆಸ್ರಿ, ನಾ ಬರಕೋತೀನಿ," ಎಂದು ಪೆನ್ನು ಹಿಡಿದು ಕೂತಳು. ಮುಂಜಾನೆ ಐದಕ್ಕೆ ಬಿಸಿನೀರು ಎಂಬಲ್ಲಿಂದ ಶುರುವಾದ ಯಾದಿ ಮೂರು ಪುಟವಾಯಿತು. ಮೂರನೆಯ ಪುಟ ಮುಗಿಯುವ ಹೊತ್ತಿಗೆ ಅಕ್ಕನ ಮಗ ತಾನಾಗಿಯೇ ಹೇಳಿದ: "ಚಿಗವ್ವಾ, ಅಪ್ಪನ ಜಳಕದ ಕೆಲಸ ನನಗಿರಲಿ. ಇಷ್ಟೆಲ್ಲಾ ಅವ್ವ ಒಬ್ಬಾಕಿನ ಮಾಡತಾಳಂತ ನನಗ ಗೊತ್ತಿರಲಿಲ್ಲ."

ಆದರೂ ಅಕ್ಕನಿಗೆ ಧೈರ್ಯವಿಲ್ಲ. ನಾಟಕಕ್ಕೆ ತಾಲೀಮು ಇರುತ್ತದಲ್ಲ, ಹಾಗೆ ಪ್ರವಾಸಕ್ಕೂ ಒಂದು ತಾಲೀಮು ಮಾಡೋಣ ಎಂದಳು ತಂಗಿ. ಒಂದು ಶನಿವಾರ ಅಕ್ಕ ಗೋಕಾಕಕ್ಕೆ ನನ್ನ ಮನೆಗೆ ಬಂದು ಒಂದು ರಾತ್ರಿ ಉಳಿಯಬೇಕು, ಮೂಡಲಗಿಯ ಮನೆ ತನ್ನನ್ನು ತಾನು ನೋಡಿಕೊಳ್ಳಬೇಕು. ಬಂದಳು. ಸಂಜೆ ಆರರಿಂದ ಒಂಬತ್ತರೊಳಗೆ ಏಳು ಸಲ ಫೋನು ಮಾಡಿದಳು. ಎಂಟನೆಯ ಸಲ ಭಾವನವರೇ ಫೋನು ತೆಗೆದುಕೊಂಡು, ತೊಡರುವ ನಾಲಿಗೆಯಲ್ಲಿ, "ನೀ ಮಲಕೋ, ನಾ ಉಂಡೀನಿ," ಎಂದರು.

ಅಕ್ಕ ಫೋನು ಇಟ್ಟು ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ, "ನಾ ಇಲ್ಲದನೂ ನಡೀತದ ಹಂಗಾರ," ಎಂದಳು. ಆ ಮಾತಿನಲ್ಲಿ ಬಿಡುಗಡೆ ಇತ್ತು, ನೋವೂ ಇತ್ತು. ಯಾವುದು ಎಷ್ಟು ಎಂದು ತೂಗಿ ಹೇಳುವುದು ನನ್ನಿಂದಾಗದು. ನಲವತ್ತೈದು ವರ್ಷ ಕಂಬವಾಗಿ ನಿಂತವಳಿಗೆ ಮಾಡು ತಾನಾಗಿಯೇ ನಿಂತಿದೆ ಎಂದು ತಿಳಿದರೆ ಹೇಗಾದೀತು? ಆ ರಾತ್ರಿ ಅವಳು ಮಗ್ಗುಲು ಬದಲಿಸುವ ಹೊತ್ತಿಗೆ ಸರಿಯಾಗಿ ಎರಡು ಸಲ ಎಚ್ಚರಾದಳು. ಎದ್ದು ನೀರು ಕುಡಿದು ಮತ್ತೆ ಮಲಗಿದಳು.

ಮುಂಜಾನೆ ಚಹಾ ಕುಡಿಯುವಾಗ ಯಾರೂ ಕೇಳದೆಯೇ ಹೇಳಿದಳು. "ಹೊಳಿ ಹೋಗಿ ಸಮುದ್ರ ಕೂಡೂದು ನೋಡಬೇಕವಾ ನನಗ."

ನಾನು ಅವಳ ಮುಖ ನೋಡಿದೆ. ಅವಳ ಹೊಲ ಘಟಪ್ರಭೆಯ ಎಡದಂಡೆ ಕಾಲುವೆಯ ನೀರು ಕುಡಿಯುತ್ತದೆ. ಧೂಪದಾಳದ ಒಡ್ಡಿನಿಂದ ಬರುವ ಆ ನೀರನ್ನೇ ನೋಡುತ್ತ ಅವಳ ಆಯುಷ್ಯ ಹೋಗಿದೆ. ಗೋಕಾಕದಲ್ಲಿರುವ ನನಗಂತೂ ನೀರೆಂದರೆ ೧೭೧ ಅಡಿ ಕೆಳಗೆ ಧುಮುಕುವ ಫಾಲ್ಸು. ೨೦೧೯ರ ಆಗಸ್ಟಿನಲ್ಲಿ ಹೊಳೆ ನಮ್ಮೂರಿನ ಓಣಿಗಳಿಗೇ ನುಗ್ಗಿತು. ಆಗಲೂ ಅಕ್ಕ ಫೋನಿನಲ್ಲಿ ಕೇಳಿದ್ದಳು, "ಇಷ್ಟು ನೀರು ಹೋಗತದರ ಎಲ್ಲಿಗೆ?" ನಾವು ಯಾವಾಗಲೂ ನೀರು ಬಿಟ್ಟು ಹೋಗುವುದನ್ನು ಕಂಡವರು, ಮುಟ್ಟುವುದನ್ನು ಕಂಡವರಲ್ಲ.

ಭೂಪಟ ತೆಗೆದು ನೋಡಿದರೆ ಇನ್ನೂ ಸೋಜಿಗ. ಗೋಕಾಕದಿಂದ ಪಶ್ಚಿಮದ ಸಮುದ್ರಕ್ಕೆ ನೇರ ಗೆರೆ ಎಳೆದರೆ ನೂರೈವತ್ತು ಕಿಲೋಮೀಟರೂ ಆಗುವುದಿಲ್ಲ. ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, ಆ ಸಮುದ್ರಕ್ಕೆ ಇನ್ನೂ ಹತ್ತಿರ. ಆದರೆ ಅದು ಸಮುದ್ರಕ್ಕೆ ಬೆನ್ನು ತಿರುಗಿಸಿ ಮೂಡಲಕ್ಕೆ ನಡೆದು, ಕೃಷ್ಣೆಯನ್ನು ಕೂಡಿ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಯ ತನಕ ಹೋಗಲು ಒಂದು ವಾರ ಸಾಲದು. ಪಡುವಣದ ನದಿಗಳಾದರೆ ಹಾಗಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಉತ್ತರ ಕನ್ನಡದ ಕರಾವಳಿಯಲ್ಲೇ ಸಮುದ್ರ ಸೇರುತ್ತವೆ. ನಾಲ್ಕನ್ನೂ ನಾಲ್ಕು ದಿನದಲ್ಲಿ ನೋಡಬಹುದು.

ತಂಗಿ ಹಳೆಯ ಪುಟಕ್ಕೆ ಒಂದು ಅಡ್ಡಗೆರೆ ಎಳೆದು ಹೊಸದಾಗಿ ಬರೆದಳು.

ಮೊದಲ ದಿನ ಹುಕ್ಕೇರಿಯಿಂದ ಸಂಕೇಶ್ವರ, ಗಡಹಿಂಗ್ಲಜ, ಆಜರಾ ಮೇಲೆ ಅಂಬೋಲಿ. ಸಂಕೇಶ್ವರದ ಮುಂದೆ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಅಲ್ಲಿಯ ಗುಡಿಯ ಹತ್ತಿರ, ಮುಂದೆ ಅದು ನಮ್ಮ ಘಟಪ್ರಭೆಗೇ ಕೂಡುತ್ತದೆ. ಹುಟ್ಟನ್ನು ನೋಡಿಕೊಂಡೇ ಕೊನೆಯನ್ನು ನೋಡಲು ಹೋಗುವುದು. ಎರಡನೆಯ ದಿನ ಹಗಲಿನಲ್ಲಿ ಘಾಟು ಇಳಿದು ಸಾವಂತವಾಡಿ, ಗೋವೆಯ ಹೆದ್ದಾರಿ ಹಿಡಿದು ಕಾರವಾರ. ಸಂಜೆ ಕಾಳಿಯ ಬಾಯಿ. ಮೂರನೆಯ ದಿನ ಎಲ್ಲಿಗೂ ಇಲ್ಲ, ದಂಡೆಯಲ್ಲಿ ಕೂಡುವುದು. ಕವಿ ರವೀಂದ್ರನಾಥ ಠಾಕೂರರು ಎಳೆಯ ವಯಸ್ಸಿನಲ್ಲಿ ಬಂದುಳಿದ ಊರು ಅದು, ದಂಡೆಗೆ ಅವರದೇ ಹೆಸರು. ನಾಲ್ಕನೆಯ ದಿನ ಅಂಕೋಲೆ, ಗಂಗಾವಳಿ, ಗೋಕರ್ಣ. ಐದನೆಯ ದಿನ ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಆರನೆಯ ದಿನ ಅಂಕೋಲೆಗೆ ಮರಳಿ ಅರಬೈಲು ಘಾಟು ಏರಿ ಯಲ್ಲಾಪುರ. ಏಳನೆಯ ದಿನ ಹುಬ್ಬಳ್ಳಿ, ಧಾರವಾಡ, ಸವದತ್ತಿ, ಯರಗಟ್ಟಿ, ಮನೆ.

ಹುಡುಗಿಯ ಯಾದಿಯಲ್ಲಿ ಇಲ್ಲದ ಒಂದು ಕಲಮು ನಮ್ಮದರಲ್ಲಿದೆ. ಅವಳ ಸಮುದ್ರದಲ್ಲಿ ಭರತ ಇಳಿತ ಬಹಳ ಕಡಿಮೆ. ನಮ್ಮಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಹೊತ್ತು ದಿನದಿನಕ್ಕೆ ಮುಕ್ಕಾಲು ತಾಸಿನಷ್ಟು ಸರಿಯುತ್ತದೆ. ಭರತದಲ್ಲಿ ಸಮುದ್ರವೇ ಹೊಳೆಯೊಳಗೆ ಬರುತ್ತದೆ, ಇಳಿತದಲ್ಲಿ ಹೊಳೆ ಸಮುದ್ರಕ್ಕೆ ಹೋಗುತ್ತದೆ. ಅಕ್ಕನಿಗೆ ಎರಡನ್ನೂ ತೋರಿಸಬೇಕು. ಇಳಿತದ ಹೊತ್ತಿಗೆ ಹೋದರೆ ಅಘನಾಶಿನಿಯಲ್ಲಿ ಹೆಂಗಸರು ನೀರಿಗಿಳಿದು ಚಿಪ್ಪಿ ಆರಿಸುವುದು ಕಾಣುತ್ತದೆ. ಅಡ್ಡಲಾಗಿ ಒಂದೂ ಅಣೆಕಟ್ಟಿಲ್ಲದ ಹೊಳೆ ಅದು. ಅಲ್ಲಿಯ ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಎಂಬ ಭತ್ತವಿದೆ ಎಂದು ತಂಗಿ ಓದಿ ಹೇಳಿದಾಗ ಅಕ್ಕ ನಂಬಲಿಲ್ಲ. ನಮ್ಮ ಕಡೆ ನೀರು ಹೆಚ್ಚಾಗಿ ಸವಳಾದ ಹೊಲಗಳನ್ನು ಕಂಡವಳು ಅವಳು. "ಉಪ್ಪಿನ್ಯಾಗ ಬೆಳಿ ಬರತದ? ಆ ರೈತರನ್ನ ಮಾತಾಡಸಬೇಕು," ಎಂದಳು. ಅದನ್ನೂ ಬರೆದುಕೊಂಡೆವು.

ಖರ್ಚು ಮೂರು ಪಾಲು. ನನ್ನದು ಭಿಶಿಯ ಹಣ, ತಂಗಿಯದು ಪೆನ್ಶನ್ನು. ಅಕ್ಕ ಸೆರಗಿನ ಗಂಟಿನಿಂದ ಬ್ಯಾಂಕಿನ ಪಾಸ್‌ಬುಕ್ಕು ತೆಗೆದಳು. ಗೃಹಲಕ್ಷ್ಮಿಯ ಎರಡೆರಡು ಸಾವಿರವನ್ನು ಅವಳು ಮುಟ್ಟಿಯೇ ಇರಲಿಲ್ಲ. "ಇದು ನನ್ನ ಹೆಸರಿಗೆ ಬಂದ ರೊಕ್ಕ," ಎಂದು ಎರಡು ಸಲ ಹೇಳಿದಳು.

ಈಗ ಕಟಕ ರೊಟ್ಟಿ ಬಡಿಯುವುದೊಂದು ಉಳಿದಿದೆ. ಅನ್ನದ ಸೀಮೆಯಲ್ಲಿ ಏಳು ದಿನ ಅಕ್ಕ ರೊಟ್ಟಿ ಬಿಟ್ಟಿರಲಾರಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಅವಳ ಪಾಲಿಗೆ. ಕರದಂಟು ನನ್ನ ಪಾಲಿಗೆ, ಗೋಕಾಕದವಳಿಗೆ ಅದು ಹೇಳಬೇಕಾದ್ದಿಲ್ಲ. ಸುಬ್ರಹ್ಮಣ್ಯ, ಧರ್ಮಸ್ಥಳ, ಕೊಲ್ಲೂರು, ಮುರ್ಡೇಶ್ವರ ಯಾದಿಯಿಂದ ಬಿದ್ದುಹೋಗಿವೆ. ಬೀಗತಿಗೆ ಸ್ವಲ್ಪ ಬೇಸರವಾಗಿದೆ, ಮೊಮ್ಮಗ ಮಾತು ಬಿಟ್ಟಿದ್ದಾನೆ. ನಮ್ಮವರು ದಿನವೂ ಘಾಟಿನ ಮಾತೆತ್ತುತ್ತಾರೆ. ತಂಗಿ ಟೈರು ಬದಲಿಸಿದ್ದಾಳೆ.

ಅಕ್ಕನ ಮನೆಯಲ್ಲಿ ಆ ಮೂರು ಪುಟದ ಯಾದಿಯನ್ನು ದೇವರ ಖೋಲಿಯ ಬಾಗಿಲಿಗೆ ಅಂಟಿಸಿದ್ದಾರೆ. ಹೊರಡಲು ಇನ್ನೂ ಹನ್ನೆರಡು ದಿನವಿದೆ. ಮೊನ್ನೆ ಫೋನು ಮಾಡಿದಾಗ ಅಕ್ಕನ ಮಗನೇ ಎತ್ತಿಕೊಂಡ, ಹಿಂದೆ ನೀರಿನ ಸಪ್ಪಳ ಕೇಳುತ್ತಿತ್ತು. "ಅಪ್ಪಗ ಜಳಕಾ ಮಾಡಸಾಕತ್ತೀನಿ ಚಿಗವ್ವಾ, ಆಮ್ಯಾಲೆ ಹಚ್ಚಲಾ?" ಎಂದ. ಅವ್ವ ಎಲ್ಲಿ ಎಂದು ಕೇಳಿದೆ.

"ಹೊರಗ ಕಟ್ಟಿ ಮ್ಯಾಲ ಕುಂತಾಳ. ಭೂಪಟ ನೋಡಾಕತ್ತಾಳ," ಎಂದ.