ಇನ್ನೊಂದು ಕಲ್ಯಾಣ

ಕಲ್ಯಾಣವೆಂದೊಡನೆ ಕನ್ನಡ ಅಭ್ಯಾಸಿಯ ಮನಸ್ಸು ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತದೆ. ಠಾಣೆ ಜಿಲ್ಲೆಯ ಕಲ್ಯಾಣವೆಂದರೆ ನೆನಪಾಗುವುದು ಲೋಕಲ್ ರೈಲಿನ ನೂಕುನುಗ್ಗಲು. ಭಾರತದ ದೊಡ್ಡ ರೇಡಿಯೋ ದೂರದರ್ಶಕಗಳ ಪರಂಪರೆ ಮೊದಲಾದದ್ದು ಈ ಊರಿನ ಬಳಿ ಎಂಬುದನ್ನು ಬಲ್ಲವರು ವಿರಳ.

ಆಸ್ಟ್ರೇಲಿಯಾದಿಂದ ಬಂದ ಆರು ಅಡಿ ವ್ಯಾಸದ 32 ತಟ್ಟೆ ಆಂಟೆನಾಗಳನ್ನು ಗೋವಿಂದ ಸ್ವರೂಪ್ ಮತ್ತು ಅವರ ಕಿರಿಯ ಸಂಗಡಿಗರು ಇಲ್ಲಿ ನಿಲ್ಲಿಸಿ, 1965ರಲ್ಲಿ ಸೂರ್ಯನಿಗೆ ಕಿವಿಗೊಟ್ಟರು. ಸಮೀಪದ ಸೂರ್ಯನಲ್ಲಿ ಕಲಿತ ಪಾಠ ದೂರಕ್ಕೆ ಒದಗಿತು. 1970ರಲ್ಲಿ ಊಟಿಯ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ದೂರದರ್ಶಕ ಎದ್ದಿತು. ಚಂದ್ರನು ಅಡ್ಡಬಂದು ರೇಡಿಯೋ ಗೆಲಾಕ್ಸಿಯನ್ನು ಮರೆಮಾಡುವ ಗಳಿಗೆಯನ್ನು ಹಿಡಿದು ಅದರ ಗಾತ್ರವನ್ನು ಅಳೆದರು. ಮಂದವಾದವು ಕಿರಿದಾಗಿಯೂ ತೋರಿದವು. ವಿಶ್ವಕ್ಕೆ ಆದಿಯುಂಟೆಂಬ ವಾದಕ್ಕೆ ಬಲ ಬಂದಿತು.

ಕಲ್ಯಾಣದಿಂದ ಮಾಳಶೇಜ್ ಘಾಟ್ ಹತ್ತಿ ಮುಂದುವರಿದರೆ ನಾರಾಯಣಗಾಂವ್ ಸೀಮೆ. ಅಲ್ಲಿಯ ಖೋಡದ್ ಸುತ್ತ 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. ಅತಿ ದೂರದ ಗೆಲಾಕ್ಸಿಗಳನ್ನು ಅರಸುವವರು, ಕೆಳ ಆವರ್ತಾಂಕದಲ್ಲಿ ಪ್ರಬಲವಾಗಿದ್ದು ಮೇಲೇರಿದಂತೆ ಬೇಗ ಕ್ಷೀಣಿಸುವ ಆಕರಗಳನ್ನು ಮೊದಲು ಆರಿಸುತ್ತಾರೆ. ಅದು ಸುಳಿವು ಮಾತ್ರ. ರೋಹಿತದ ಗೆರೆಗಳು ಎಷ್ಟು ಕೆಂಪಿಗೆ ಸರಿದಿವೆಯೆಂದು ಕಂಡ ಬಳಿಕವೇ ದೂರದ ನಿರ್ಣಯ. ಲಿಪಿಯಿಂದ ಶಾಸನದ ಕಾಲವನ್ನು ಊಹಿಸಿದರೂ ಬೇರೆ ಆಧಾರ ದೊರೆಯುವವರೆಗೆ ತೀರ್ಪನ್ನು ತಡೆಹಿಡಿಯುವ ವಿದ್ವಾಂಸನ ಶಿಸ್ತೂ ಇದೇ. ಒಂದೇ ಗೆರೆಯನ್ನು ನೆಚ್ಚಿ ಹೇಳಿದ ದೂರ, ಒಂದೇ ಅಕ್ಷರವನ್ನು ನೆಚ್ಚಿ ಹೇಳಿದ ಕಾಲ, ಎರಡೂ ಮುಂದೆ ತಿದ್ದುಪಡಿಗೆ ಒಳಗಾಗಬಹುದು.

ಸ್ವರೂಪ್ 2020ರಲ್ಲಿ ತೀರಿಕೊಂಡರು. ಸಾವಿರ ಕೋಟಿ ವರ್ಷಗಳಿಗೂ ಹಿಂದೆ ಹೊರಟ ಅಲೆಗಳು ಖೋಡದ್‌ಗೆ ಬಂದು ಮುಟ್ಟುತ್ತಲೇ ಇವೆ. ಅವುಗಳನ್ನು ಓದುವ ವಿದ್ಯೆಯ ಅಕ್ಷರಾಭ್ಯಾಸ ನಡೆದದ್ದು ಕಲ್ಯಾಣದ ಆರಡಿಯ ತಟ್ಟೆಗಳಲ್ಲಿ.