ನಿಮ್ಮ ಟೀಮ್ ಯಾವುದು, ತಾತ?

ಬೇಸಿಗೆ ರಜೆಗೆ ಅಮೆರಿಕದ ಅಟ್ಲಾಂಟಾದಿಂದ ವಿಜಯನಗರದ ನಮ್ಮ ಮನೆಗೆ ಬಂದ ಮೊಮ್ಮಗ ಮೂರು ದಿನ ಒಂದೇ ಟೀ ಶರ್ಟ್ ಹಾಕಿದ್ದ. ಎದೆಯ ಮೇಲೆ ‘ಗ್ಲಾಡಿಯೇಟರ್ಸ್’ ಎಂದಿತ್ತು. ಅವನೂರಿನ ಐಸ್ ಹಾಕಿ ತಂಡವಂತೆ.

“ನಿಮ್ಮೂರಲ್ಲಿ ಹಿಮ ಬೀಳೋದೇ ಅಪರೂಪ ಅಲ್ವೇನೋ?”

“ಸ್ಟೇಡಿಯಂ ಒಳಗೆ ಮೆಷಿನ್ನಲ್ಲಿ ಐಸ್ ಮಾಡ್ತಾರೆ, ತಾತ. ಅದರ ಮೇಲೆ ಜಾರ್‍ತಾ ಆಡೋದು. ಚೆಂಡಿರಲ್ಲ, ರಬ್ಬರ್ ಬಿಲ್ಲೆ.”

ಅಲ್ಲಿ ತಂಡಗಳು ಬಾಡಿಗೆ ಮನೆಯವರ ಹಾಗೆ. ಸಣ್ಣ ಲೀಗ್‌ನಲ್ಲಿ 1992ರಿಂದ ಆಡುತ್ತಿದ್ದ ಅಟ್ಲಾಂಟಾ ನೈಟ್ಸ್ 1994ರಲ್ಲಿ ಕಪ್ ಗೆದ್ದಿತು. 1996ರಲ್ಲಿ ಗಂಟುಮೂಟೆ ಕಟ್ಟಿ ಕೆನಡಾದ ಕ್ವಿಬೆಕ್ ನಗರಕ್ಕೆ ಹೊರಟೇಹೋಯಿತು. ಈ ಗ್ಲಾಡಿಯೇಟರ್ಸ್ ಕೂಡ 2003ರಲ್ಲಿ ಅಲಬಾಮಾದ ಮೊಬೀಲ್ ಎಂಬ ಊರಿನಿಂದ ಬಂದದ್ದು. (ನಮ್ಮ ಕೈಯಲ್ಲಿರುವ ಮೊಬೈಲ್‌ನದೇ ಸ್ಪೆಲಿಂಗು!)

“ನಿಮ್ಮ ಟೀಮ್ ಯಾವುದು, ತಾತ?”

ತಡವರಿಸಿದೆ. ನಮ್ಮದು ಹುಲ್ಲಿನ ಮೇಲಿನ ಹಾಕಿ, ಈಗ ನೀಲಿ ಟರ್ಫ್. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ನಮಗೂ ಬೆಂಗಳೂರಿನ ತಂಡ ಇತ್ತು. 2006ರಲ್ಲಿ ಅದೇ ಚಾಂಪಿಯನ್. 2008ರ ನಂತರ ಲೀಗೇ ನಿಂತಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ಕರ್ನಾಟಕ ಲಯನ್ಸ್ ಬಂತು. ಕೊಡಗಿನ ಅರ್ಜುನ್ ಹಾಲಪ್ಪ ನಾಯಕ. ಜೊತೆಗೆ 43ರ ಧನರಾಜ್ ಪಿಳ್ಳೈ! ನಾನು, ನನ್ನ ಮಗ ಅಕ್ಕಿತಿಮ್ಮನಹಳ್ಳಿಯ ಕ್ರೀಡಾಂಗಣದಲ್ಲಿ ಕಡಲೆಕಾಯಿ ತಿನ್ನುತ್ತಾ ಗಂಟಲು ಹರಿಯುವಂತೆ ಕೂಗಿದ್ದೆವು. ಆ ಲೀಗ್ ಎರಡನೇ ವರ್ಷ ಕಾಣಲಿಲ್ಲ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ರಾಂಚಿಗೆ ತಂಡ ಸಿಕ್ಕಿತು, ಬೆಂಗಳೂರಿಗೆ ಸಿಗಲಿಲ್ಲ. ಅದೇ ವರ್ಷ ಮಗನೂ ಅಟ್ಲಾಂಟಾಕ್ಕೆ ಹೋದ.

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕೆಂಗೇರಿ ಕಡೆಯ ಮೆಟ್ರೋ ಹತ್ತಿಸಿದೆ. ನಾಯಂಡಹಳ್ಳಿ ದಾಟಿ, ಜ್ಞಾನಭಾರತಿಯಲ್ಲಿ ಇಳಿದೆವು. ಮೈಸೂರು ರಸ್ತೆಗೆ ಬಂದದ್ದೇ ವೃಷಭಾವತಿಯ ವಾಸನೆಗೆ ಹುಡುಗ ಮೂಗು ಹಿಡಿದುಕೊಂಡ. ನನಗೆ ಅಭ್ಯಾಸವಾಗಿಬಿಟ್ಟಿದೆ, ಅದೇ ಬೇಸರ.

ಭಾರತೀಯ ಕ್ರೀಡಾ ಪ್ರಾಧಿಕಾರದ ಗೇಟಿನ ಮುಂದೆ ನಿಂತೆವು. ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ದೇಶದ ಪುರುಷರ, ಮಹಿಳೆಯರ ಹಾಕಿ ತಂಡಗಳ ಶಿಬಿರ ನಡೆಯುವುದು ಇಲ್ಲೇ. 2020ರ ಲಾಕ್‌ಡೌನ್‌ನಲ್ಲಿ ಆಟಗಾರರು ಮನೆಗೆ ಹೋಗಲಾಗದೆ ವಾರಗಟ್ಟಲೆ ಈ ಕಾಂಪೌಂಡಿನೊಳಗೇ ಉಳಿದರು. ಮರುವರ್ಷ ಟೋಕಿಯೋದಲ್ಲಿ ಪುರುಷರು ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ತಂದರು. 1980ರ ನಂತರ ಹಾಕಿಯಲ್ಲಿ ನಮಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ. ಮಹಿಳೆಯರು ನಾಲ್ಕನೆಯವರಾದರು.

“ಇಡೀ ಇಂಡಿಯಾ ಟೀಮ್ ನಿಮ್ಮನೆ ಹತ್ರ ಇದೆ, ನಿಮ್ಮೂರಿಗೇ ಟೀಮ್ ಇಲ್ವಾ?”

ಇಲ್ಲ ಎಂದೆ. ಅವನು ನನ್ನ ಫೋನ್ ಕಿತ್ತುಕೊಂಡು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ. ಅಲ್ಲಿ ರಾತ್ರಿ ಹನ್ನೊಂದೂವರೆ.

“ಅಪ್ಪಾ, ಕರ್ನಾಟಕ ಲಯನ್ಸ್ ಗೊತ್ತಾ?”

ಮಗ ಎದ್ದು ಕೂತು ಕಣ್ಣುಜ್ಜಿಕೊಂಡ. ಆಮೇಲೆ ನಕ್ಕ. “ಅವತ್ತಿನ ಕಡಲೆಕಾಯಿ ದುಡ್ಡು ಯಾರು ಕೊಟ್ಟಿದ್ದು ಅಂತ ತಾತಂಗೆ ಕೇಳು.”